ಬೆಳೆಯುವ ಹಿತ್ತಾಳೆ

ಉಗುರಿನ ಸಂದಿಗೆ ಹೊಕ್ಕ ಹಿತ್ತಾಳೆ ಪುಡಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಗಿರಿಜಾ ಮತ್ತೊಂದು ಬಿಂಬುಳಿ ಕಾಯಿಯನ್ನು ಸೀಳಿ, ಗಂಡನ ಬಲಗೈ ಹೆಬ್ಬೆರಳನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಹುಳಿ ಹಿಂಡಿ ಮತ್ತೆ ತಿಕ್ಕಿದಳು. ಅಂಗಳದ ಚಪ್ಪರದಡಿ ಬಾಳೆಲೆಯ ಮೇಲೆ ಮಲಗಿದ್ದ ಚಂದಯ್ಯ ಶೆಟ್ಟಿ ಬದುಕಿದ್ದಾಗ ಒಂದು ದಿನವೂ ಇಷ್ಟು ಹೊತ್ತು ಕೈ ಚಾಚಿ ಸುಮ್ಮನಿದ್ದವನಲ್ಲ.

“ಗಿರಿಜಕ್ಕ, ಸಾಕ್ ಬಿಡಿ,” ಎಂದಳು ನೆರೆಮನೆಯ ಚಂದ್ರಮತಿ. ಬಿಸಿನೀರಿನ ಕೊಡಪಾನ ಹಿಡಿದು ನಿಂತು ನಿಂತು ಅವಳ ಸೊಂಟ ಹಿಡಿದುಕೊಂಡಿತ್ತು. “ನೀರ್ ತಣೀತಾ ಇತ್. ಮೀಯ್ಸುಕೆ ಗಂಡ್ಸ್ರ್ ಕಾಯ್ತಿದ್ರ್.”

“ಇವ್ರಿಗೆ ಕೈ ಕೊಳ್ಕಿದ್ರೆ ಉಂಬುಕೆ ಮನ್ಸ್ ಬತ್ತಿಲ್ಲೆ. ನಿಂಗೆ ಗೊತ್ತಿಲ್ಯಾ?”

ಉಣ್ಣುವ ಮಾತು ಇನ್ನೆಲ್ಲಿಯದು ಎಂದು ಚಂದ್ರಮತಿಯ ಬಾಯಿಗೆ ಬಂದಿತ್ತು. ಸಾವಿನ ಮನೆಯಲ್ಲಿ ಯಾರು ಏನೆಂದರೂ ಹೌದೆನ್ನಬೇಕು ಎಂಬುದು ಅವಳ ಲೋಕಾನುಭವ. ಹಾಗಾಗಿ ನುಂಗಿಕೊಂಡು ಕೊಡಪಾನ ಕೆಳಗಿಟ್ಟಳು.

ಬಿಸಿಲು ಆಗಲೇ ಏರಿತ್ತು. ತಲ್ಲೂರಿನ ಹೆದ್ದಾರಿಯಲ್ಲಿ ಹೋಗುವ ಬಸ್ಸುಗಳ ಸದ್ದು ಬೇರೆ ಯಾವುದೋ ಊರಿನಿಂದ ಕೇಳಿದಂತೆ ಕೇಳುತ್ತಿತ್ತು. ಎಲ್ಲಿಯೋ ಬಿದ್ದು ಹುಳಿತ ಗೇರುಹಣ್ಣಿನ ವಾಸನೆ ಗಾಳಿಯಲ್ಲಿ ತೂಗುತ್ತಿತ್ತು. ಬೆಳಗಿನಿಂದ ಗಿರಿಜಾಳಿಗೆ ಎಲ್ಲವೂ ಹೊಳೆಯ ನೀರಿನಡಿ ಕಣ್ಣು ತೆರೆದು ನೋಡಿದ ಹಾಗೆ ಕಾಣುತ್ತಿತ್ತು. ಜನ ಬರುತ್ತಿದ್ದರು, ಬಾಯಿ ಅಲ್ಲಾಡಿಸುತ್ತಿದ್ದರು, ಮಾತು ಮಾತ್ರ ಆಮೇಲೆ ನಿಧಾನವಾಗಿ ತೇಲಿಕೊಂಡು ಬರುತ್ತಿತ್ತು.

ಬೆಳಿಗ್ಗೆ ಗಂಜಿಗೆ ಅವಳೇ ಕರೆದಿದ್ದಳು. ಕರೆಯುವುದೆಂದರೆ ಬಾಯಿ ಮಾತಿನಲ್ಲಲ್ಲ. ಅವಳ ಸೊಂಟದ ಬೀಗದಕೈ ಗೊಂಚಲಿನಲ್ಲಿ ಒಂದು ಖಾಲಿ ತೋಟೆ ಇತ್ತು. ರೈಫಲಿನಿಂದ ಗುಂಡು ಹಾರಿಹೋದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆ ಅದು. ಬೆರಳಿನಷ್ಟು ಉದ್ದ, ಬಾಯಿ ಚಿಕ್ಕದು. ಅದರ ಬಾಯಿಗೆ ತುಟಿಯಿಟ್ಟು ಊದಿದರೆ ಸಿಳ್ಳೆ ಬರುತ್ತದೆ. ಅವಳು ಅಡುಗೆಮನೆಯಿಂದ ಊದುವುದು, ಹಿಂದಿನ ಹಟ್ಟಿಯಿಂದ ಅವನು ಕೈಯಲ್ಲಿದ್ದ ತೋಟೆಯನ್ನೇ ಊದಿ ‘ಬಂದೆ’ ಎನ್ನುವುದು. ದನ ಕಟ್ಟುವುದು ನಿಂತ ಮೇಲೆ ಆ ಹಟ್ಟಿ ಅವನ ಕೆಲಸದ ಕೋಣೆಯಾಗಿತ್ತು. ಇವತ್ತು ಊದಿದಳು, ಉತ್ತರ ಬರಲಿಲ್ಲ. ಮತ್ತೆ ಊದಿದಳು. ಗಂಜಿ ಆರುತ್ತದೆಂದು ಬೈದುಕೊಂಡೇ ಹೋಗಿ ನೋಡಿದರೆ, ಗೋಡೆಗೊರಗಿ ಕೂತಿದ್ದ. ಕಣ್ಣು ಬಾಗಿಲ ಕಡೆಗಿತ್ತು. ಬಲಗೈ ಮುಷ್ಟಿಯಲ್ಲಿ ಒಂದು ತೋಟೆ ಇತ್ತು.

ಆ ಮುಷ್ಟಿ ಬಿಡಿಸಿದವನು ಮಗ ಕೀರ್ತನ್. ಬಿಡಿಸಿ, ತೋಟೆಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ. ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಹಗಲಿರುಳು ಕಂಪ್ರೆಸರಿನ ಸದ್ದಿನ ನಡುವೆ ಇರುವ ಅವನಿಗೆ ಜೋರಾಗಿ ಮಾತಾಡುವ ರೂಢಿ.

ಈಗ ಅವನು ಮಾವಿನ ಕಟ್ಟಿಗೆ ಕಡಿಯುವವರ ಹತ್ತಿರದಿಂದ ಬೆವರೊರೆಸಿಕೊಳ್ಳುತ್ತಾ ಬಂದ. ಗಿರಿಜಾ ತಲೆಯೆತ್ತಿದಳು.

“ಕೀರ್ತೂ, ಈಡ್ ಹೊಡೂಕೆ ಯಾರಿಗ್ ಹೇಳ್ದೆ ಮಗಾ?”

ಚಂದಯ್ಯ ಹುಟ್ಟಿದ್ದು ಬೈಂದೂರಿನ ಮೂಡಲಿಗೆ, ಗುಡ್ಡದ ಬುಡದ ಹಳ್ಳಿಯಲ್ಲಿ. ಆ ಕಡೆಯ ಕೋವಿ ಮನೆಗಳಲ್ಲಿ ಒಂದು ಕ್ರಮವಿತ್ತು: ಹೆಣ ಅಂಗಳದಿಂದ ಎತ್ತುವಾಗ ಆಕಾಶಕ್ಕೆ ಒಂದು ಈಡು, ಅಂದರೆ ಒಂದೇ ಒಂದು ಗುಂಡಿನ ಸದ್ದು. ಇಂಥವನು ಹೊರಟ ಎಂದು ಗುಡ್ಡಕ್ಕೂ, ಗುಡ್ಡದ ದೈವಕ್ಕೂ, ಆಚೆ ಊರಿನವರಿಗೂ ಗೊತ್ತಾಗಬೇಕಲ್ಲ. ಆ ಸದ್ದು ಕೇಳದೆ ಹೊತ್ತವರು ಹೆಜ್ಜೆ ಕಿತ್ತಿಡುವ ಹಾಗಿಲ್ಲ.

“ಅಮ್ಮ, ಕೋವಿ ಎಲ್ಲ ಸ್ಟೇಶನಂಗ್ ಇತ್. ಓಟ್ ಬಂತಲ್ದಾ. ಎಣ್ಸುದ್ ಮುಗ್ದ್ ಆಪ್ವರೆಗೆ ಯಾರಿಗೂ ವಾಪಸ್ ಕೊಡ್ತಿಲ್ಲೆ.”

“ಒಂದ್ ಹೊತ್ತಿಗೆ ಕೇಂಡ್ರೂ ಆಗ್ದಾ?”

“ಆತಿಲ್ಲೆ ಅಮ್ಮ. ಮತ್ತೆ...” ಅವನು ಸುತ್ತ ನೋಡಿ ಸ್ವರ ತಗ್ಗಿಸಿದ. ತಗ್ಗಿಸಿದರೂ ಚಪ್ಪರಕ್ಕೆಲ್ಲ ಕೇಳಿತು. “ಮತ್ತೆ ಅಪ್ಪಯ್ಯಂಗೆ ಕೋವಿಯೇ ಇರ್ಲಿಲ್ಲ ಅಲ್ದಾ? ಈಡ್ ಹೊಡುದ್ ಕೋವಿ ಇದ್ದರಿಗೆ. ಜನ ನೆಗಾಡ್ತ್ರ್.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಿರಿಜಾ ಮಗನ ಮುಖವನ್ನು ಒಂದು ಗಳಿಗೆ ನೋಡಿದಳು. ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಅಡಿಯಲ್ಲಿ ಅಳುವೂ ಬಂತು. ಹೌದು, ಗಂಡನಿಗೆ ಕೋವಿ ಇರಲಿಲ್ಲ. ಊರೆಲ್ಲರ ಕೋವಿಗೆ ತೋಟೆ ಸರಿಮಾಡಿಕೊಟ್ಟವನು ಒಂದು ದಿನ ಕೋವಿ ಎತ್ತಿ ಒಂದು ಕಾಗೆಗೂ ಗುರಿ ಹಿಡಿದವನಲ್ಲ.

“ಈಡ್ ಇಲ್ದೆ ಇವ್ರನ್ನ ಎತ್ತುಕೆ ನಾನ್ ಬಿಡುದಿಲ್ಲ,” ಎಂದಳು. “ನಾನ್ ಮಾತ್ ಕೊಟ್ಟಿದ್ದೆ.”

*

ಮದುವೆಯಾದ ಹೊಸತರಲ್ಲಿ ಗಿರಿಜಾಳಿಗೆ ಗಂಡನ ಉದ್ಯೋಗವೇ ಅರ್ಥವಾಗಿರಲಿಲ್ಲ. ಹುಡುಗ ಕುಂದಾಪುರದ ಕೋವಿ ಅಂಗಡಿಯಲ್ಲಿದ್ದಾನೆ ಎಂದಾಗ ಕೋಟೇಶ್ವರದ ಅವಳ ತವರಿನಲ್ಲಿ ಅಜ್ಜಿ ಹೌಹಾರಿ, “ಕೋವಿ ಹಿಡ್ಕಂಡ್ ತಿರ್ಗುವನಿಗೆ ಹೆಣ್ಣ್ ಕೊಡುದಾ?” ಎಂದು ಎರಡು ದಿನ ಊಟ ಬಿಟ್ಟಿದ್ದಳಂತೆ. ಬಂದು ನೋಡಿದರೆ, ಕೋವಿಯ ಮಾತಿರಲಿ, ಕತ್ತಿ ಹಿಡಿಯಲೂ ಹಿಂಜರಿಯುವ ಮನುಷ್ಯ. ಮೀನು ಕೊಯ್ಯುವಾಗ ಬೇರೆ ಕಡೆ ಮುಖ ತಿರುಗಿಸುತ್ತಿದ್ದ.

ಅಂಗಡಿಯಲ್ಲಿ ಮದ್ದು ತುಂಬುವ, ಗುಂಡು ಕೂರಿಸುವ ಕೆಲಸಕ್ಕೆ ಲೈಸೆನ್ಸು, ಬೀಗ, ಕಾಯಿದೆ ಎಲ್ಲ ಇತ್ತು. ಅದನ್ನು ಯಜಮಾನರೇ ನೋಡಿಕೊಳ್ಳುತ್ತಿದ್ದರು. ಚಂದಯ್ಯನ ಪಾಲಿಗೆ ಬಂದದ್ದು ಖಾಲಿ ತೋಟೆ. ಹಾರಿಸಿ ಮಸಿ ಹಿಡಿದ ತೋಟೆಗಳನ್ನು ಚೀಲದಲ್ಲಿ ಮನೆಗೆ ತರುವುದು, ಬಿಂಬುಳಿ ರಸದಲ್ಲಿ ನೆನೆಹಾಕಿ ತೊಳೆಯುವುದು, ನೆರಳಲ್ಲಿ ಒಣಗಿಸುವುದು, ಒಂದೊಂದನ್ನೇ ಅಳತೆಯ ಗೇಜಿಗೆ ಹಿಡಿದು ನೋಡುವುದು. ಹಟ್ಟಿಯ ಕಿಟಕಿಯ ಪಕ್ಕ ಮಣೆಗೆ ಬಿಗಿದ, ಕೈಯಿಂದ ತಿರುಗಿಸುವ ಒಂದು ಪುಟ್ಟ ಲೇತ್ ಯಂತ್ರ ಇತ್ತು. ಉದ್ದ ಹೆಚ್ಚಿದ ತೋಟೆಯನ್ನು ಅದಕ್ಕೆ ಕಚ್ಚಿಸಿ ಹಿಡಿ ತಿರುಗಿಸಿದರೆ ಬಾಯಂಚಿನಿಂದ ಕೂದಲೆಳೆಯಂಥ ಹಿತ್ತಾಳೆ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು.

“ಇದ್ನ ಯಾಕೆ ಕತ್ರ್ಸುದ್?” ಎಂದು ಅವಳು ಒಂದು ಸಂಜೆ ಹಟ್ಟಿಯ ಬಾಗಿಲಿಗೊರಗಿ ಕೇಳಿದ್ದಳು. ಆಗಿನ್ನೂ ಗಂಡನ ಹತ್ತಿರ ಮಾತಾಡಲು ಒಂದು ನೆವ ಬೇಕಾಗುತ್ತಿತ್ತು.

“ಬೆಳೀತಲ್ದಾ, ಅದ್ಕೆ.”

“ಎಂತ ಬೆಳೀತ್?”

“ಹಿತ್ತಾಳೆ.”

ಅವಳು ಬಾಯಿಗೆ ಸೆರಗು ಹಿಡಿದು ನಕ್ಕುಬಿಟ್ಟಳು. “ಹಿತ್ತಾಳೆ ಬೆಳೂಕೆ ಅದೆಂತ ಸೌತಿಕಾಯಿಯಾ?”

ಅವನು ನಗಲಿಲ್ಲ. ಈಡು ಹಾರಿದಾಗೆಲ್ಲ ಒಳಗಿನ ಬೆಂಕಿ ಹಿತ್ತಾಳೆಯನ್ನು ಮುಂದಕ್ಕೆ ತಳ್ಳುತ್ತದೆ, ತೋಟೆ ಒಂದು ಎಳೆಯಷ್ಟು ಉದ್ದವಾಗುತ್ತದೆ ಎಂದ. ಹಾಗೇ ಬಿಟ್ಟರೆ ಅದು ಕೋವಿಯ ಒಳಗೆ ಹೋಗಿ ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಹಾಗೆ ಕಚ್ಚಿಕೊಳ್ಳುತ್ತದೆ, ಹೊಡೆದವನ ಮುಖಕ್ಕೇ ಅಪಾಯ ಎಂದ. “ಬೆಳ್ದದ್ದನ್ನ ತೆಗೀಕ್. ತೆಗ್ದದ್ದ್ ಮತ್ತೆ ಬೆಳೀತ್. ಅಷ್ಟೇ ನನ್ ಕೆಲ್ಸ.”

ಇಷ್ಟು ಹೇಳಿ ಅವನು ಕತ್ತರಿಸಿದ ತೋಟೆಯ ಬಾಯಂಚನ್ನು ನಯ ಮಾಡಿ, ತುಟಿಗಿಟ್ಟು ಊದಿದ. ಒಳಗೆ ಸೇರಿದ ಹಿತ್ತಾಳೆ ಪುಡಿ ಹೊರಗೆ ಹೋಗಬೇಕಲ್ಲ, ಅದಕ್ಕೆ. ಪುಡಿ ಹಾರಿತು, ಹಾರಿದ್ದರ ಹಿಂದೆಯೇ ಸಣ್ಣ, ತೆಳ್ಳನೆಯ ಸಿಳ್ಳೆ ಬಂತು. ಗಿರಿಜಾ ಯಾವ ಹಕ್ಕಿಯೆಂದು ಮಾಡಿನ ಹಂಚಿನ ಕಡೆ ತಲೆಯೆತ್ತಿದಳು. ಆ ಗಳಿಗೆಯಲ್ಲಿ ಸಂಜೆಯ ಬಿಸಿಲು ಕಿಟಕಿಯಿಂದ ಬಂದು ಅವಳ ಕೊರಳ ಮೇಲೆ ಬಿದ್ದಿತ್ತು. ಚಂದಯ್ಯ ಇನ್ನೊಂದು ತೋಟೆಯನ್ನು ಲೇತಿಗೆ ಕಚ್ಚಿಸಿ ಹಿಡಿ ತಿರುಗಿಸುತ್ತಲೇ ಇದ್ದ. ನೋಡುತ್ತಿದ್ದದ್ದು ಮಾತ್ರ ಲೇತನ್ನಲ್ಲ.

ಕಣ್ಣು ತಿರುಗಿಸಿದಾಗ ತೋಟೆ ಕಾಲು ಭಾಗ ಹೋಗಿತ್ತು. ಇನ್ನು ಅದು ಯಾವ ಕೋವಿಗೂ ಅಲ್ಲ.

“ಹೋಯ್ತ್,” ಎಂದ. ಕೆಲಸ ಕೆಡಿಸಿದವನ ಮುಖದಲ್ಲಿ ಅಷ್ಟೊಂದು ಸಂತೋಷವನ್ನು ಅವಳು ಆಮೇಲೆ ಎಲ್ಲಿಯೂ ನೋಡಲಿಲ್ಲ. ಬಾಯಂಚು ನಯ ಮಾಡಿ, ಊದಿ, ಅವಳ ಕೈಗೆ ಕೊಟ್ಟ. “ತಕೋ. ನಿನ್ ಕಂಡೇ ಕೆಟ್ಟದ್ದ್, ನೀನೇ ಇಟ್ಕೋ.”

ಗಿಡ್ಡ ತೋಟೆಯಾದ್ದರಿಂದ ಅದರ ಸಿಳ್ಳೆ ಉಳಿದವುಗಳಿಗಿಂತ ಒಂದು ಮೆಟ್ಟಿಲು ಮೇಲೆ. ಗಿರಿಜಾ ಅದನ್ನು ಬೀಗದಕೈ ಗೊಂಚಲಿಗೆ ಕಟ್ಟಿದಳು. ಮರುದಿನ ಮಧ್ಯಾಹ್ನ ಊಟಕ್ಕೆ ಕರೆಯಲು ನಾಚಿಕೆಯಾಗಿ, ಹೆಸರು ಹಿಡಿದು ಕೂಗುವುದಂತೂ ಸಾಧ್ಯವಿಲ್ಲದೆ, ಅದನ್ನೇ ಊದಿದಳು.

*

ಮಧ್ಯಾಹ್ನದ ಹೊತ್ತಿಗೆ ಚಪ್ಪರ ತುಂಬಿತು. ಮೀಯಿಸಿ, ಹೊಸ ಪಂಚೆ ಉಡಿಸಿ, ಗಂಧ ಹಚ್ಚಿ ಮಲಗಿಸಿದ ಚಂದಯ್ಯ ಯಾರದೋ ಮದುವೆಗೆ ಹೊರಟು ಬಸ್ಸು ತಡವಾಯಿತೆಂದು ಸ್ವಲ್ಪ ಕಣ್ಣು ಮುಚ್ಚಿದವನಂತೆ ಕಾಣುತ್ತಿದ್ದ. ತಲೆಯ ಹತ್ತಿರ ತೆಂಗಿನಕಾಯಿ ಹೋಳಿನಲ್ಲಿ ದೀಪ ಉರಿಯುತ್ತಿತ್ತು. ಬಿಸಿಲಿನಲ್ಲಿ ಅದರ ಜ್ವಾಲೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಕೋವಿ ಅಂಗಡಿಯ ಸುಧೀರ್ ಬಂದ. ಚಂದಯ್ಯನ ಯಜಮಾನರ ಮಗ ಅವನು. ಅಪ್ಪನ ಕಾಲದ ಅಂಗಡಿಯಲ್ಲಿ ಈಗ ಕೋವಿಗಿಂತ ಟಾರ್ಚು, ರೈನ್‌ಕೋಟುಗಳೇ ಹೆಚ್ಚು. ಗಿರಿಜಾಳ ಹಟ ಕೇಳಿ ಅವನು ಅಲ್ಲಿಯೇ ನಿಂತು ಠಾಣೆಗೆ ಫೋನು ಹಚ್ಚಿದ. ಆ ಕಡೆಯವನ ಮಾತು ನಾಲ್ಕು ಜನಕ್ಕೆ ಕೇಳುವಂತಿತ್ತು. ಮರ್ಯಾದೆಯಿಂದಲೇ ಮಾತಾಡಿದ ಪಾಪ. ತನ್ನ ಅಜ್ಜನ ಊರಿನಲ್ಲೂ ಈ ಕ್ರಮ ಇತ್ತು, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಈಗ ಒಂದು ಕೋವಿ ಹೊರಗೆ ಬಂದರೆ ತನ್ನ ಕೆಲಸವೇ ಹೋಗುತ್ತದೆ ಎಂದ.

“ಅಕ್ಕಾ,” ಸುಧೀರ್ ಫೋನು ಜೇಬಿಗಿಳಿಸಿದ. “ಗರ್ನಾಲ್ ತರ್ಸ್ಲಾ? ಒಂದ್ ಒಳ್ಳೆ ದೊಡ್ಡ ಗರ್ನಾಲ್. ಸದ್ದ್ ಹೆಚ್ಚ್ ಕಮ್ಮಿ ಹಂಗೇ ಇರತ್.”

“ಪಟಾಕಿಯಾ? ಬ್ಯಾಡ ಮಾರಾಯಾ,” ಎಂದಳು ಗಿರಿಜಾ. “ಇವ್ರೆಂತ ಮದಿಗೆ ಹೊರ್ಟಿದ್ರಾ?”

ಕೀರ್ತನ್ ಕಂಬಕ್ಕೊರಗಿ ನಿಂತು ಕೇಳುತ್ತಿದ್ದ. ಅಮ್ಮ ಒಂದು ಹಟ ಹಿಡಿದರೆ ಬಿಡುವವಳಲ್ಲ ಎಂದು ಅವನಿಗೆ ಗೊತ್ತು. ಹೆಣ ಹೆಚ್ಚು ಹೊತ್ತು ಇಡುವ ಬಿಸಿಲಲ್ಲ ಎಂಬುದೂ ಗೊತ್ತು. ಹೊಳೆ ಬದಿಯ ಗದ್ದೆ ಮೂಲೆಯಲ್ಲಿ ಕಟ್ಟಿಗೆ ಒಟ್ಟಿ ಆಗಿತ್ತು. ಎತ್ತುವವರು ಆಗಾಗ ಅವನ ಮುಖ ನೋಡುತ್ತಿದ್ದರು.

ಅಷ್ಟರಲ್ಲಿ ಆಟೋದಿಂದ ಗೋಳಿಹೊಳೆಯ ಹಿರಿಯಣ್ಣ ಶೆಟ್ಟರು ಇಳಿದರು. ಎಂಬತ್ತು ದಾಟಿದ ಜೀವ. ಹಂದಿ ಓಡಿಸಲು ರೈಫಲ್ ಇಟ್ಟುಕೊಂಡ ಹಳೆಯ ಮನೆತನ ಅವರದ್ದು. ಚಂದಯ್ಯನ ಕೈಯಿಂದ ಹಾದುಹೋಗದ ಒಂದು ತೋಟೆಯೂ ಅವರ ಮನೆಯಲ್ಲಿರಲಿಲ್ಲ. ಚಂದಯ್ಯನ ಅಪ್ಪ ಅವರ ಮನೆಯ ಗದ್ದೆ ಗೇಣಿಗೆ ಮಾಡಿದವನು. ಆದರೂ ಹಟ್ಟಿಯ ಮಣೆಯ ಮುಂದೆ ಚಾಪೆ ಹಾಸಿ ಕೂತು, ಲೇತಿನ ಸದ್ದು ಕೇಳುತ್ತಾ ಮಧ್ಯಾಹ್ನವಿಡೀ ತೂಕಡಿಸುವುದರಲ್ಲಿ ಅವರಿಗೆ ಸಣ್ಣತನ ಕಂಡದ್ದಿಲ್ಲ.

ಅವರು ಕೋಲೂರಿಕೊಂಡು ಬಂದು ಚಂದಯ್ಯನ ತಲೆಯ ಹತ್ತಿರ ನಿಂತರು. ತುಳಸಿ ನೀರು ಬಿಟ್ಟರು. ಆಮೇಲೆ ಹೆಗಲಿನ ಬಟ್ಟೆ ಚೀಲವನ್ನು ಇಳಿಸಿ, “ಹ್ವಾಯ್ ಗಿರಿಜಾ, ಇದನ್ನ ಒಳ್ಗೆ...” ಎಂದು ಚಾಚಿದವರು ಅಲ್ಲಿಗೇ ನಿಂತುಬಿಟ್ಟರು. ಚೀಲದೊಳಗೆ ಹಿತ್ತಾಳೆ ಕಿಣಿಕಿಣಿ ಎಂದಿತು.

ಖಾಲಿ ತೋಟೆಗಳು. ಹಾರಿಸಿದ್ದು, ಬೆಳೆದದ್ದು, ಕತ್ತರಿಸಲಿಕ್ಕೆಂದು ಎತ್ತಿಟ್ಟದ್ದು.

“ಸುದ್ದಿ ಬಂದದ್ದೇ ಹೊರ್ಟೆ ಮಾರಾಯ್ತಿ,” ಎಂದರು. “ಚಂದಯ್ಯನ್ ಮನಿಗೆ ಹೋಪುದ್ ಅಂದ್ರೆ ಕೈ ತನ್ನಷ್ಟಕ್ಕೇ ಚೀಲ ತಕಂತ್. ಬೈಂದೂರ್ ದಾಟಿ ಅರ್ಧ ದಾರಿ ಬಂದ್ ಮೇಲೂ, ನಾಳೆ ನಾಡಿದ್ದ್ ಆತ್ ಅಂಬನಾ, ಇವತ್ತೇ ಕೊಡ್ತ್ನಾ ಅಂದೇಳಿ ಎಣ್ಸ್ತಿದ್ದೆ. ನಂಗೆಂತ ಆಯ್ತ್ ಕಾಣ್.”

ಯಾರೂ ನಗಲಿಲ್ಲ. ಬ್ರಹ್ಮಾವರದ ಕಡೆಯಿಂದ ಬಂದಿದ್ದ ಕನ್ನಡಕದ ಗೃಹಸ್ಥರೊಬ್ಬರು ತಮ್ಮ ಅಂಗಿಯ ಜೇಬನ್ನು ಮೇಲಿನಿಂದ ಮುಟ್ಟಿ ನೋಡಿಕೊಂಡು ತಲೆ ತಗ್ಗಿಸಿದರು. ಜಡ್ಕಲ್ಲಿನಿಂದ ಬಂದ ಅಣ್ಣ ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಬೈಕಿನ ಪೆಟ್ಟಿಗೆಯಲ್ಲೂ ಒಂದು ಡಬ್ಬಿ ಇತ್ತು. ಸಾವಿನ ಮನೆಗೆ ಬರುವಾಗ ಹೂ ತರುವುದು ಮರೆತ ಜನ, ರಿಪೇರಿ ತರುವುದು ಮರೆತಿರಲಿಲ್ಲ.

ಗಿರಿಜಾ ಚೀಲವನ್ನು ತೆಗೆದುಕೊಳ್ಳಲಿಲ್ಲ. “ಶೆಟ್ರೆ, ಹೋದ್ ವರ್ಷ ನಾನ್ ಕೇಂಡಾಗ ನೀವ್ ಹೊಡ್ತೆ ಅಂದಿದ್ರಿ ಅಲ್ದಾ ಈಡ್?” ಎಂದಷ್ಟೇ ಕೇಳಿದಳು.

“ಅಂದಿದ್ದೆ.” ಅವರು ಕೋಲನ್ನು ನೋಡಿದರು. “ಕೋವಿ ಇದ್ದಿದ್ರೆ ಈ ನಡ್ಗು ಕೈಯ್ಯಂಗೇ ಹೊಡೀತಿದ್ದೆ. ಇವತ್ತ್ ನನ್ ಕೈ ಖಾಲಿ ಗಿರಿಜಾ.”

*

ಗಿರಿಜಾ ಗಂಡನಿಗೆ ಆ ಮಾತು ಕೊಟ್ಟದ್ದು ಹೋದ ವರ್ಷ, ದೀಪ ಹಚ್ಚುವ ಹೊತ್ತಿನಲ್ಲಿ. ಆ ಹೊತ್ತು ಚಂದಯ್ಯನಿಗೆ ಬಲು ಪ್ರೀತಿಯದ್ದು. ಹತ್ತಾರು ಸಲ ಹಾರಿಸಿ ಬಿರುಸಾದ ತೋಟೆಯ ಕೊರಳನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಬೇಕು, ಇಲ್ಲದಿದ್ದರೆ ಸೀಳು ಬಿಡುತ್ತದೆ. ಹೆಚ್ಚು ಬೆಳಕಿದ್ದರೆ ಹಿತ್ತಾಳೆಯ ಬಣ್ಣ ತಿರುಗುವುದು ಕಾಣುವುದಿಲ್ಲ. ಹಾಗಾಗಿ ಅವನು ಲೈಟು ಹಾಕಲು ಬಿಡುತ್ತಿರಲಿಲ್ಲ. ಹಟ್ಟಿಯೊಳಗೆ ಸಣ್ಣ ನೀಲಿ ಜ್ವಾಲೆ ಒಂದೇ. ಅದರ ಮುಂದೆ ಅವನ ಬೆರಳುಗಳು ತೋಟೆಯನ್ನು ತಿರುಗಿಸುತ್ತಿದ್ದವು. ಹಳದಿಯ ಮೇಲೆ ಮೆಲ್ಲಗೆ ಒಂದು ನೇರಳೆ ನೆರಳು ಹಬ್ಬುತ್ತಿತ್ತು. ಹಬ್ಬಿದ್ದೇ ತಡ, ಪಕ್ಕದ ಬಾಲ್ದಿಯ ನೀರಿಗೆ ‘ಚುಂಯ್’.

“ಬೆಂಕಿ ಕಂಡ್ರೆ ಹಿತ್ತಾಳೆಗೆ ಹಳತೆಲ್ಲ ಮರ್ತ್ ಹೋತ್,” ಎನ್ನುತ್ತಿದ್ದ. “ಎಷ್ಟ್ ಪೆಟ್ಟ್ ತಿಂದಿದ್ರೂ ಮತ್ತೆ ಹೊಸತೇ.”

ಆ ಸಂಜೆ ಅವನು ಇನ್ನೊಂದು ತೋಟೆಯ ಒಳಗೆ ತುದಿ ಬಗ್ಗಿಸಿದ ತಂತಿ ಇಳಿಸಿ, ಬುಡದ ಹತ್ತಿರ ಮೆಲ್ಲಗೆ ಆಡಿಸಿದ. ತಂತಿ ಒಂದು ಕಡೆ ತಡೆಯಿತು. ಅವನು ಕಣ್ಣು ಮುಚ್ಚಿಕೊಂಡು ಮತ್ತೊಮ್ಮೆ ಆಡಿಸಿದ.

“ಬಳಿ ಬಿದ್ದಿತ್,” ಎಂದ. ಬೆಳೆದು ಬೆಳೆದು, ಕತ್ತರಿಸಿ ಕತ್ತರಿಸಿ, ಒಳಗೋಡೆ ಒಂದು ಕಡೆ ಸುತ್ತಲೂ ತೆಳುವಾಗಿ ಬಳೆಯಂಥ ಗೀರು ಬೀಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಥಳಥಳ ಹೊಳೆಯುತ್ತಿರುತ್ತದೆ. ಬಳೆ ಬಿದ್ದ ತೋಟೆಯನ್ನು ಬೆಂಕಿಯೂ ಉಳಿಸುವುದಿಲ್ಲ. ಅವನು ಅದನ್ನು ಬೇರೆ ಡಬ್ಬಿಗೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಎದೆಯ ಮೇಲೆ ಕೈಯಿಟ್ಟುಕೊಂಡ. “ಇಲ್ಲೂ ಬಿದ್ದಿತ್ ಅಂಬ್ರ್ ಡಾಕ್ಟ್ರ್.”

ಗಿರಿಜಾ ಕತ್ತಲಲ್ಲಿ ಅವನ ಮುಖ ಹುಡುಕಿದಳು. ಕುಂದಾಪುರಕ್ಕೆ ಡಾಕ್ಟರ ಹತ್ತಿರ ಹೋದದ್ದನ್ನೇ ಅವನು ಹೇಳಿರಲಿಲ್ಲ.

“ಯಾವಾಗ್ ಹೋದದ್ದ್? ನಂಗ್ ಹೇಳುಕಾತಿರ್ಲಿಲ್ಯಾ?”

“ಹೇಳ್ದೆ ಅಲ್ದಾ ಈಗ.” ಮತ್ತೆ ಒಂದು ತೋಟೆ ಎತ್ತಿಕೊಂಡ. ಜ್ವಾಲೆಯ ಬೆಳಕಿನಲ್ಲಿ ನಕ್ಕದ್ದು ಕಂಡಿತು. “ಹೆಣಾ, ನಾನ್ ಹೋಪತಿಗೆ ಒಂದ್ ಈಡ್ ಹೊಡ್ಸ್. ಕೋವಿ ಇಲ್ಲ, ನಂಗ್ ಗೊತ್ತಿತ್. ಆದ್ರೂ ಇಷ್ಟ್ ವರ್ಷ ಬ್ಯಾರೆಯವ್ರ ಈಡ್ ಹಾರುಕೆ ಮಾಡ್ದೆ. ನನ್ನ್ ಕೆಲ್ಸ ಹ್ಯಾಂಗ್ ಕೇಣ್ತ್ ಅಂದೇಳಿ ಹಾಸ್ಗಿಯಂಗ್ ಮಲ್ಗಿ, ಪೂರಾ ಸುಮ್ನೆ ಮಲ್ಗಿ, ಒಂದ್ ಸಲ ಕೇಂಕ್.”

‘ಹೆಣಾ’ ಎಂದರೆ ಆ ಕಡೆ ಹೆಂಡತಿಯನ್ನು ಸಲಿಗೆಯಿಂದ ಕರೆಯುವ ಮಾತು. ಅವನು ಹಾಗೆ ಕರೆಯುತ್ತಿದ್ದದ್ದು ಹಟ್ಟಿಯ ಕತ್ತಲಲ್ಲಿ ಮಾತ್ರ. ಗಿರಿಜಾ ಆಯಿತೆಂದಳು. ಆಯಿತೆಂದು, ಲೈಟು ಹಾಕಿಬಿಟ್ಟಳು. ಅವನು ಬಣ್ಣ ಕಾಣುವುದಿಲ್ಲವೆಂದು ಬೈದ.

*

ಬಿಸಿಲು ಸ್ವಲ್ಪ ಓರೆಯಾದ ಮೇಲೆ ಹಿರಿಯರು ಬಂದು, ಇನ್ನು ಇಡುವುದು ಧರ್ಮವಲ್ಲ ಎಂದರು. ಗಿರಿಜಾ ಎದ್ದು ನಿಂತಳು. ಬೇಡವೆನ್ನುವುದಕ್ಕೂ ಒಂದು ದಾರಿ ಬೇಕಲ್ಲ. ಚಂದ್ರಮತಿ ಅವಳ ತೋಳು ಹಿಡಿದುಕೊಂಡಳು.

“ಎತ್ತಿ,” ಎಂದಳು ಗಿರಿಜಾ. ಮತ್ತೆ, ಚಂದಯ್ಯನ ಕಿವಿಗೆ ಮಾತ್ರ ಕೇಳುವಂತೆ ಬಗ್ಗಿ, “ನಂಗಾಯ್ಲಿಲ್ಲ ಕಾಣಿ,” ಎಂದಳು.

ಕೀರ್ತನ್ ಸೊಂಟದ ತೋಟೆಯನ್ನು ಬಾವಿಕಟ್ಟೆಯ ಮೇಲೆ ತೆಗೆದಿಟ್ಟು ಮಿಂದು, ಅದನ್ನು ಮತ್ತೆ ಸಿಕ್ಕಿಸಿಕೊಂಡು, ಒದ್ದೆ ಪಂಚೆಯಲ್ಲಿ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತ. ನಾಲ್ವರು ಬಗ್ಗಿ ಚಟ್ಟಕ್ಕೆ ಕೈ ಹಾಕಿ ಎತ್ತಿದರು. ಎತ್ತಿದವರಲ್ಲಿ ಇಬ್ಬರು ಗೋಳಿಹೊಳೆ ಕಡೆಯವರು. ಹೆಗಲಿಗೇರಿಸಿದ ಮೇಲೆ ಅವರು ಹೆಜ್ಜೆ ಇಡಲಿಲ್ಲ. ಈಡು ಇಲ್ಲವೆಂದು ಅವರಿಗೂ ಗೊತ್ತು. ಆದರೂ ಕಾಲು ರೂಢಿಯಂತೆ ಕಾದು ನಿಂತಿತು. ಅವರು ನಿಂತದ್ದಕ್ಕೆ ಉಳಿದಿಬ್ಬರೂ ನಿಂತರು. ಚಪ್ಪರವೇ ನಿಂತಿತು. ಆಚೆ ಹೊಳೆಯಲ್ಲಿ ಉಬ್ಬರದ ನೀರು ಏರುವ ಸದ್ದು ಕೇಳಿಸಿತು.

ಯಾರಿಗೂ ಏನು ಮಾಡಬೇಕೆಂದು ತಿಳಿಯದ ಆ ಹೊತ್ತಿನಲ್ಲಿ ಹಿರಿಯಣ್ಣ ಶೆಟ್ಟರು ಚೀಲಕ್ಕೆ ಕೈ ಹಾಕಿ ಒಂದು ತೋಟೆ ತೆಗೆದರು. ಅದನ್ನು ತುಟಿಗಿಟ್ಟುಕೊಂಡರು. ಹಲ್ಲಿಲ್ಲದ ಬಾಯಿ; ಮೊದಲು ಬರಿಯ ಗಾಳಿ ಹೋಯಿತು. ಮತ್ತೆ ಊದಿದರು.

ಸಣ್ಣಗೆ, ತೆಳ್ಳಗೆ ಬಂತು ಸಿಳ್ಳೆ.

ಬ್ರಹ್ಮಾವರದವರು ಜೇಬಿನಿಂದ ತೆಗೆದರು. ಜಡ್ಕಲ್ಲಿನವರಲ್ಲಿ ಕಿರಿಯವನು ಓಡಿಹೋಗಿ ಬೈಕಿನಿಂದ ಡಬ್ಬಿ ತಂದ. ಸುಧೀರನ ಕೈಗೂ ಒಂದು ಬಂತು. ಒಬ್ಬರಾದ ಮೇಲೆ ಒಬ್ಬರು, ಆಮೇಲೆ ಎಲ್ಲರೂ ಕೂಡಿ ಊದಿದರು. ಗಿರಿಜಾ ಕಣ್ಣು ಮುಚ್ಚಿ ಕೇಳಿದಳು. ಸಿಳ್ಳೆಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಒಂದು ತುಸು ಕೆಳಗೆ, ಇನ್ನೊಂದು ಅದಕ್ಕಿಂತ ಎಳೆಯಷ್ಟು ಮೇಲೆ. ಹಾಗಾಗಿ ಆ ಸದ್ದು ಬಿಸಿಲಿನ ಝಳದ ಹಾಗೆ ಅಂಗಳದ ಮೇಲೆ ಅಲುಗುತ್ತಿತ್ತು. ಎಲ್ಲವೂ ಬೆಳೆದಿವೆ, ಎಂದುಕೊಂಡಳು ಅವಳು. ಅವನ ಕೈ ಸೇರಿದ್ದರೆ ಎಲ್ಲವೂ ಒಂದೇ ಆಗುತ್ತಿದ್ದವು.

ಊದಿದವರ ಉಸಿರು ಮುಗಿದು ಸದ್ದು ನಿಂತಿತು. ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಬೀಗದಕೈ ಗೊಂಚಲನ್ನು ಬಾಯಿಗೆತ್ತಿ, ಗಿಡ್ಡ ತೋಟೆಗೆ ತುಟಿಯಿಟ್ಟು ಊದಿದಳು. ದಿನಾ ಊಟಕ್ಕೆ ಕರೆಯುವಷ್ಟೇ, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಎಲ್ಲಕ್ಕಿಂತ ಒಂದು ಮೆಟ್ಟಿಲು ಮೇಲಿನ ಆ ಸಿಳ್ಳೆ ಹಟ್ಟಿಯ ಮಾಡಿಗೆ ತಾಗಿ, ಹೊಳೆಯ ಕಡೆ ಹೋಯಿತು.

ಊದಿ, ಅವಳು ಹಟ್ಟಿಯ ಬಾಗಿಲಿನ ಕಡೆಗೆ ಕಿವಿಗೊಟ್ಟು ನಿಂತಳು. ಹಾಗೆ ನಿಂತವಳನ್ನು ಕೀರ್ತನ್ ಹಿಂತಿರುಗಿ ನೋಡಿದ. ಚಿಕ್ಕಂದಿನಿಂದ ಎಷ್ಟು ಸಲ ನೋಡಿದ್ದನೋ, ಅಮ್ಮ ಹೀಗೆಯೇ ಅಪ್ಪನ ಸಿಳ್ಳೆಗೆ ಕಾದು ಅಡುಗೆಮನೆಯ ಮೆಟ್ಟಿಲ ಮೇಲೆ ತಲೆ ವಾರೆ ಮಾಡಿ ನಿಲ್ಲುವುದು. ಅವನು ಬೆಂಕಿಯ ಮಡಕೆಯನ್ನು ಎಡಗೈಗೆ ಬದಲಿಸಿಕೊಂಡ. ಒದ್ದೆ ಪಂಚೆಯ ಮಡಿಕೆಗೆ ಬಲಗೈ ಹಾಕಿ, ಬೆಳಿಗ್ಗೆ ಅಪ್ಪನ ಮುಷ್ಟಿಯಿಂದ ಬಿಡಿಸಿದ ತೋಟೆಯನ್ನು ತೆಗೆದು ಬಾಯಿಗಿಟ್ಟು ಊದಿದ.

ಸದ್ದು ಬರಲಿಲ್ಲ. ಆ ತೋಟೆಯನ್ನು ಚಂದಯ್ಯ ಕತ್ತರಿಸಿ ಮುಗಿಸಿದ್ದ, ಊದಿರಲಿಲ್ಲ. ಒಳಗೆ ನಿಂತಿದ್ದ ಹಿತ್ತಾಳೆ ಪುಡಿ ಒಂದು ಚಿಟಿಕೆ ಹೊರಗೆ ಹಾರಿ, ಓರೆ ಬಿಸಿಲಿನಲ್ಲಿ ಒಂದು ಕ್ಷಣ ಚಿನ್ನದ ಹೊಗೆಯಾಗಿ ನಿಂತು, ಮಗನ ಒದ್ದೆ ಎದೆಯ ಮೇಲೆ ಇಳಿದು ಕೂತಿತು.

ಅವನು ಮತ್ತೆ ಊದಿದ. ಈ ಸಲ ಬಂತು.

ಹೊತ್ತವರು ಹೆಜ್ಜೆ ಕಿತ್ತಿಟ್ಟರು.